ಒಂದು ಸುಳ್ಳಿಗೆ ಎಷ್ಟು ಕೈ ಬೇಕು? ಪೊಲಿಟಿಕಲ್ ಥ್ರಿಲ್ಲರ್‌ಗಳೊಳಗಿನ ಸರ್ಕಾರ

1898ರ ಆಗಸ್ಟ್ 13ರ ರಾತ್ರಿ. ಪ್ಯಾರಿಸ್‌ನ ಯುದ್ಧ ಸಚಿವಾಲಯದಲ್ಲಿ ಕ್ಯಾಪ್ಟನ್ ಕ್ಯುಯಿನ್ಯೆ ಎಂಬ ಅಧಿಕಾರಿ ದೀಪ ಹಚ್ಚಿಕೊಂಡು ಒಂದು ಕಡತ ನೋಡುತ್ತ ಕೂತಿದ್ದ. ಅದರಲ್ಲಿ ಹರಿದು ಚೂರು ಮಾಡಿ ಮತ್ತೆ ಅಂಟಿಸಿದ ಒಂದು ಪತ್ರವಿತ್ತು. ಇಟಲಿಯ ರಾಯಭಾರ ಕಚೇರಿಯ ಸೇನಾಧಿಕಾರಿಯೊಬ್ಬ ಜರ್ಮನಿಯ ಸೇನಾಧಿಕಾರಿಗೆ ಬರೆದದ್ದು ಎಂದು ಹೇಳಲಾಗಿದ್ದ ಪತ್ರ. ಆಲ್ಫ್ರೆಡ್ ಡ್ರೈಫಸ್ ಎಂಬ ಫ್ರೆಂಚ್ ಕ್ಯಾಪ್ಟನ್ ದೇಶದ್ರೋಹಿ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಇಲ್ಲ ಎಂದು ಇಡೀ ಸರ್ಕಾರ ನಂಬಿತ್ತು. ಒಂದು ತಿಂಗಳ ಹಿಂದಷ್ಟೇ ಯುದ್ಧ ಸಚಿವ ಅದನ್ನು ಸಂಸತ್ತಿನಲ್ಲಿ ಓದಿ ಹೇಳಿದ್ದ. ಆ ಭಾಷಣವನ್ನು ಅಚ್ಚು ಹಾಕಿಸಿ ದೇಶದ ಊರೂರಿನಲ್ಲೂ ಗೋಡೆಗೆ ಅಂಟಿಸಬೇಕೆಂದು ಸದಸ್ಯರು ನಿರ್ಣಯ ಮಾಡಿದ್ದರು. ಡ್ರೈಫಸ್ ಆಗ ದಕ್ಷಿಣ ಅಮೆರಿಕದ ಕರಾವಳಿಯಾಚೆಯ ಡೆವಿಲ್ಸ್ ದ್ವೀಪದಲ್ಲಿ ಒಂಟಿ ಸೆರೆಯಲ್ಲಿದ್ದ, ನಾಲ್ಕನೆಯ ವರ್ಷ.

ಕ್ಯುಯಿನ್ಯೆ ಆ ಪತ್ರವನ್ನು ದೀಪದ ಹತ್ತಿರ ಹಿಡಿದ. ಚೌಕುಳಿ ಗೆರೆಯ ಕಾಗದ. ತಲೆಬರಹ ಮತ್ತು ಸಹಿ ಇದ್ದ ಚೂರುಗಳ ಗೆರೆಗೂ ನಡುವಿನ ಒಕ್ಕಣೆ ಇದ್ದ ಚೂರುಗಳ ಗೆರೆಗೂ ಬಣ್ಣ ಹೊಂದುತ್ತಿರಲಿಲ್ಲ. ಒಂದರ ಗೆರೆ ನೀಲಿ ಬೂದು, ಇನ್ನೊಂದರದ್ದು ನೇರಳೆ ಛಾಯೆ. ಹಗಲು ಬೆಳಕಿನಲ್ಲಿ ಯಾರ ಕಣ್ಣಿಗೂ ಬೀಳದ ವ್ಯತ್ಯಾಸ. ಯಾರೋ ಅಸಲಿ ಪತ್ರದ ತಲೆ ಮತ್ತು ಬುಡ ಉಳಿಸಿಕೊಂಡು ಹೊಟ್ಟೆಗೆ ಬೇರೆ ಕಾಗದ ಸೇರಿಸಿದ್ದರು. ಆ ತಿಂಗಳ 30ರಂದು ಗುಪ್ತಚರ ವಿಭಾಗದ ಅಧಿಕಾರಿ ಆನ್ರಿ ತಾನೇ ಅದನ್ನು ಮಾಡಿದ್ದೆಂದು ಒಪ್ಪಿಕೊಂಡ. ಮರುದಿನ ಸೆರೆಕೋಣೆಯಲ್ಲಿ ಕತ್ತು ಕೊಯ್ದ ಸ್ಥಿತಿಯಲ್ಲಿ ಅವನ ಹೆಣ ಸಿಕ್ಕಿತು, ಪಕ್ಕದಲ್ಲಿ ಕ್ಷೌರದ ಕತ್ತಿ.

ಈ ಪ್ರಕರಣ ನೆನೆದಾಗಲೆಲ್ಲ ನನ್ನನ್ನು ಕಾಡುವುದು ಆನ್ರಿಯಲ್ಲ, ಉಳಿದವರು. ಸುಳ್ಳು ಪತ್ರ ಸೃಷ್ಟಿಸಿದ್ದು ಒಬ್ಬನೇ. ಅದನ್ನು ಕೈಗೆ ತೆಗೆದುಕೊಂಡ ಜನರಲ್‌ಗಳು ಹೆಚ್ಚಿಗೆ ಪ್ರಶ್ನೆ ಕೇಳಲಿಲ್ಲ. ಓದಿದ ಸಚಿವ ಅದು ನಿಜವೆಂದೇ ನಂಬಿದ್ದ. ಕೈಯೆತ್ತಿದ ಸದಸ್ಯರು, ಮೊಳೆ ಜೋಡಿಸಿದ ಅಚ್ಚಿನ ಮನೆಯವರು, ಗೋಡೆಗೆ ಅಂಟು ಬಳಿದವರು ಯಾರೂ ತಾವು ಸುಳ್ಳು ಹೇಳುತ್ತಿದ್ದೇವೆಂದು ಅಂದುಕೊಂಡಿರಲಿಲ್ಲ. ಸರ್ಕಾರದ ಸುಳ್ಳಿಗೆ ಬಲ ಬರುವುದೇ ಹೀಗೆ. ಹುಟ್ಟಿಸುವುದಕ್ಕೆ ಒಂದೆರಡು ಕೈ ಸಾಕು, ಹೊತ್ತು ನಡೆಯುವುದಕ್ಕೆ ಸಾವಿರ ಪ್ರಾಮಾಣಿಕ ಕೈ ಬೇಕು. ಪೊಲಿಟಿಕಲ್ ಥ್ರಿಲ್ಲರ್ ಎಂಬ ಕಥಾಪ್ರಕಾರ ಚೆನ್ನಾಗಿ ಬಂದಾಗ ತೋರಿಸುವುದು ಈ ಕೈಗಳನ್ನು. ಕೆಟ್ಟದಾಗಿ ಬಂದಾಗ ಒಬ್ಬ ಖಳನನ್ನು ತೋರಿಸಿ ಸುಮ್ಮನಾಗುತ್ತದೆ.

ಇನ್ನಾರಿಗೆ ದೂರುವುದು

ಪತ್ತೇದಾರಿ ಕಥೆಗೂ ಪೊಲಿಟಿಕಲ್ ಥ್ರಿಲ್ಲರ್‌ಗೂ ಇರುವ ವ್ಯತ್ಯಾಸವನ್ನು ಮೊದಲು ತಿಳಿದುಕೊಳ್ಳಬೇಕು, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ. ಪತ್ತೇದಾರಿ ಕಥೆಯಲ್ಲಿ ಅಪರಾಧ ಎಷ್ಟೇ ಭೀಕರವಾಗಿರಲಿ, ವ್ಯವಸ್ಥೆ ಗಟ್ಟಿಯಾಗಿರುತ್ತದೆ. ಕೊಲೆಗಾರ ಯಾರೆಂದು ಗೊತ್ತಾದ ಗಳಿಗೆಗೆ ಪೊಲೀಸರು ಬರುತ್ತಾರೆ, ಕೈಕೋಳ ಬೀಳುತ್ತದೆ, ನ್ಯಾಯಾಲಯ ತನ್ನ ಕೆಲಸ ಮಾಡುತ್ತದೆ. ಓದುಗನ ಕುತೂಹಲ 'ಯಾರು' ಎಂಬುದರ ಸುತ್ತ.

ಪೊಲಿಟಿಕಲ್ ಥ್ರಿಲ್ಲರ್‌ನಲ್ಲಿ ಯಾರು ಎಂಬುದು ಎಷ್ಟೋ ಸಲ ಅರ್ಧದಾರಿಗೇ ಗೊತ್ತಾಗಿಬಿಡುತ್ತದೆ. ಗೊತ್ತಾದ ಮೇಲೆ ಶುರುವಾಗುವುದು ನಿಜವಾದ ಭಯ, ಏಕೆಂದರೆ ಹೇಳಿಕೊಳ್ಳಲು ಜಾಗವಿಲ್ಲ. ದೂರು ಬರೆದುಕೊಳ್ಳುವವನೇ ಅವರ ಕಡೆಯವನು. ಬೇಲಿಯೇ ಎದ್ದು ಹೊಲ ಮೇಯ್ದರೆ ಇನ್ನಾರಿಗೆ ದೂರುವುದು? ನಾಯಕನ ಕೈಯಲ್ಲಿ ಸಾಕ್ಷಿಯಿದೆ, ಆದರೆ ಆ ಸಾಕ್ಷಿಯನ್ನು ಸಾಕ್ಷಿಯೆಂದು ಒಪ್ಪಿಕೊಳ್ಳುವ ಅಧಿಕಾರ ಇರುವುದು ಅಪರಾಧಿಯ ಕೈಯಲ್ಲಿ. ಈ ಸಿಕ್ಕು ಇಲ್ಲದಿದ್ದರೆ ಅದು ಪೊಲಿಟಿಕಲ್ ಥ್ರಿಲ್ಲರ್ ಅಲ್ಲ, ಮಂತ್ರಿಯೊಬ್ಬ ಪಾತ್ರವಾಗಿರುವ ಕೊಲೆ ಕಥೆ ಅಷ್ಟೇ.

ಅದಕ್ಕೇ ಈ ಕಥೆಗಳ ನಾಯಕರು ಸಾಮಾನ್ಯವಾಗಿ ದೊಡ್ಡವರಲ್ಲ. ವರದಿಗಾರ, ತನಿಖಾಧಿಕಾರಿ, ಲೆಕ್ಕ ಪರಿಶೋಧಕಿ, ಕಡತ ನೋಡಿಕೊಳ್ಳುವ ಗುಮಾಸ್ತ. ಕೆಲಸದ ಭಾಗವಾಗಿಯೇ ಒಂದು ಕಾಗದ ಅವರ ಮೇಜಿಗೆ ಬರುತ್ತದೆ, ಅದು ಇನ್ನೊಂದು ಕಾಗದಕ್ಕೆ ಹೊಂದುವುದಿಲ್ಲ. ಹೊಂದದ್ದನ್ನು ಹಾಗೇ ಬಿಟ್ಟು ಮನೆಗೆ ಹೋಗಬಹುದಿತ್ತು, ಹೋಗುವುದಿಲ್ಲ. ಕ್ಯುಯಿನ್ಯೆ ಕೂಡ ಅಂಥವನೇ. ಡ್ರೈಫಸ್ ತಪ್ಪಿತಸ್ಥನೆಂದೇ ಅವನು ನಂಬಿದ್ದ. ಆದರೂ ಗೆರೆಯ ಬಣ್ಣ ಬೇರೆಯಿದ್ದದ್ದನ್ನು ಬೇರೆಯಿದೆ ಎಂದು ಮೇಲಧಿಕಾರಿಗೆ ಹೇಳಿದ. ತನ್ನ ನಂಬಿಕೆಗೆ ವಿರುದ್ಧವಾದದ್ದನ್ನು ಹೇಳುವ ಮನುಷ್ಯನಿಗಿಂತ ದೊಡ್ಡ ಪಾತ್ರವನ್ನು ಈ ಪ್ರಕಾರದಲ್ಲಿ ನಾನು ಕಂಡಿಲ್ಲ.

ಲಂಚಕ್ಕೂ ಒಂದು ದರಪಟ್ಟಿ

ಭ್ರಷ್ಟಾಚಾರ ಎಂದ ಕೂಡಲೇ ನಮ್ಮ ಕಣ್ಣಿಗೆ ಬರುವುದು ಮೇಜಿನ ಕೆಳಗಿನಿಂದ ಜಾರುವ ಲಕೋಟೆ. ಥ್ರಿಲ್ಲರ್‌ಗಳೂ ಅದನ್ನೇ ತೋರಿಸಿ ತೋರಿಸಿ ಸವೆಸಿವೆ. ಒಬ್ಬ ಅಧಿಕಾರಿ ದುಡ್ಡು ತಿಂದರೆ ಅದು ಅವನೊಬ್ಬನ ಕಳ್ಳತನ. ಆದರೆ ಸರ್ಕಾರವೇ ದುಡ್ಡು ಕೊಟ್ಟು ತನ್ನ ಮೇಲೆ ಕಣ್ಣಿಡಬೇಕಾದವರನ್ನು ಕೊಂಡುಕೊಂಡರೆ? ಅದು ಕಳ್ಳತನದ ಲೆಕ್ಕಕ್ಕೆ ಸಿಗುವುದಿಲ್ಲ, ರಾಜ್ಯದ ಎಲುಬುಗಳನ್ನೇ ಒಂದೊಂದಾಗಿ ಕಳಚುವ ಕೆಲಸ. ಇದು ಹೇಗೆ ನಡೆಯುತ್ತದೆ ಎಂಬುದಕ್ಕೆ ಪೆರು ದೇಶದ ಉದಾಹರಣೆಯಷ್ಟು ಸ್ಪಷ್ಟವಾದದ್ದು ಇನ್ನೊಂದಿಲ್ಲ. ಅಲ್ಲಿ ಲಂಚ ಕೊಟ್ಟವನು ರಸೀದಿ ಇಟ್ಟುಕೊಂಡಿದ್ದ.

1990ರಿಂದ 2000ದವರೆಗೆ ಆಲ್ಬರ್ಟೊ ಫುಜಿಮೋರಿ ಅಲ್ಲಿನ ಅಧ್ಯಕ್ಷ. ಗುಪ್ತಚರ ಸಂಸ್ಥೆಯನ್ನು ಕೈಯಲ್ಲಿಟ್ಟುಕೊಂಡಿದ್ದವನು ಅವನ ಸಲಹೆಗಾರ ವ್ಲಾದಿಮಿರೋ ಮಾಂಟೆಸಿನೋಸ್. ಹೊರಗಿನಿಂದ ನೋಡಿದರೆ ಚುನಾವಣೆ ಇತ್ತು, ಸಂಸತ್ತಿತ್ತು, ನ್ಯಾಯಾಲಯಗಳಿದ್ದವು, ಟಿವಿ ವಾಹಿನಿಗಳಿದ್ದವು. ಪ್ರಜಾಪ್ರಭುತ್ವದ ಮನೆಗೆ ಬೇಕಾದ ಕಂಬಗಳೆಲ್ಲ ನಿಂತಿದ್ದವು, ಒಳಗಿನಿಂದ ಪೊಳ್ಳು. ಮಾಂಟೆಸಿನೋಸ್ ವಿರೋಧ ಪಕ್ಷದ ಸಂಸದರನ್ನು, ನ್ಯಾಯಾಧೀಶರನ್ನು, ವಾಹಿನಿಗಳ ಮಾಲೀಕರನ್ನು ತನ್ನ ಕಚೇರಿಗೆ ಕರೆಸುತ್ತಿದ್ದ, ಮಾತಾಡಿಸುತ್ತಿದ್ದ, ದುಡ್ಡು ಎಣಿಸಿ ಕೊಡುತ್ತಿದ್ದ, ಕೆಲವರಿಂದ ಕರಾರುಪತ್ರಕ್ಕೆ ಸಹಿ ಹಾಕಿಸಿಕೊಳ್ಳುತ್ತಿದ್ದ. ಎಲ್ಲವನ್ನೂ ಗುಪ್ತ ಕ್ಯಾಮೆರಾದಲ್ಲಿ ಚಿತ್ರೀಕರಿಸಿ ಇಡುತ್ತಿದ್ದ. ಲಂಚ ತೆಗೆದುಕೊಂಡವನು ನಾಳೆ ತಿರುಗಿಬೀಳದಂತೆ ಕೊರಳಿಗೆ ಹಾಕಿದ ಹಗ್ಗ ಅದು.

ಈ ದಾಖಲೆಗಳು ಹೊರಬಂದ ಮೇಲೆ ಇಬ್ಬರು ಅರ್ಥಶಾಸ್ತ್ರಜ್ಞರು ಕೂತು ಯಾರಿಗೆ ಎಷ್ಟು ಸಂದಿದೆ ಎಂದು ಲೆಕ್ಕ ಹಾಕಿ 2004ರಲ್ಲಿ ಪ್ರಕಟಿಸಿದರು. ನ್ಯಾಯಾಧೀಶರಿಗೆ ತಿಂಗಳಿಗೆ ಸಾವಿರಾರು ಡಾಲರ್. ಸಂಸದರಿಗೂ ಹೆಚ್ಚುಕಡಿಮೆ ಅದೇ ಮಟ್ಟ. ಆದರೆ ಒಂದೇ ಒಂದು ಟಿವಿ ವಾಹಿನಿಗೆ ತಿಂಗಳಿಗೆ 15 ಲಕ್ಷ ಡಾಲರ್. ಒಬ್ಬ ರಾಜಕಾರಣಿಗೆ ಕೊಟ್ಟದ್ದಕ್ಕಿಂತ ಸುಮಾರು ನೂರು ಪಟ್ಟು!

ಈ ಅಂಕಿಯನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಸುಮ್ಮನೆ ಕೂತಿದ್ದೆ. ಯಾಕೆ ಇಷ್ಟು ವ್ಯತ್ಯಾಸ? ಸಂಸತ್ತಿನಲ್ಲಿ ಬಹುಮತಕ್ಕೆ ಬೇಕಾದಷ್ಟು ತಲೆ ಸಿಕ್ಕರೆ ಸಾಕು. ಒಬ್ಬ ಒಲ್ಲೆ ಎಂದರೆ ಪಕ್ಕದವನನ್ನು ಕೇಳಬಹುದು, ಹಾಗಾಗಿ ಯಾರಿಗೂ ದೊಡ್ಡ ಬೆಲೆಯಿಲ್ಲ. ನ್ಯಾಯಾಧೀಶರ ವಿಷಯದಲ್ಲೂ ಅದೇ. ಟಿವಿಯ ಲೆಕ್ಕ ಬೇರೆ. ಹತ್ತು ವಾಹಿನಿಗಳಲ್ಲಿ ಒಂಬತ್ತನ್ನು ಕೊಂಡು ಒಂದನ್ನು ಬಿಟ್ಟರೂ ಆ ಒಂದು ಸಾಕು ಎಲ್ಲರಿಗೂ ಸುದ್ದಿ ಮುಟ್ಟಿಸುವುದಕ್ಕೆ. ಪ್ರತಿಯೊಬ್ಬ ಮಾಲೀಕನೂ ಅನಿವಾರ್ಯ, ಪ್ರತಿಯೊಬ್ಬನೂ ಬಾಯಿಗೆ ಬಂದ ಬೆಲೆ ಕೇಳಬಲ್ಲ. ಭ್ರಷ್ಟ ಸರ್ಕಾರ ಯಾರಿಗೆ ಹೆದರುತ್ತದೆ ಎಂದು ತಿಳಿಯಬೇಕಿದ್ದರೆ ಅದರ ಭಾಷಣ ಕೇಳಬೇಕಿಲ್ಲ, ಅದು ಯಾರಿಗೆ ಹೆಚ್ಚು ದುಡ್ಡು ಕೊಟ್ಟಿದೆ ಎಂದು ನೋಡಿದರೆ ಸಾಕು.

ದುಡ್ಡಿಗೆ ಬಗ್ಗದವರಿಗೆ ಕಾನೂನೇ ದೊಣ್ಣೆ. ಬರೂಕ್ ಇವ್ಚರ್ ಎಂಬ ವಾಹಿನಿ ಮಾಲೀಕರು ಗುಪ್ತಚರ ಸಂಸ್ಥೆಯ ದುಷ್ಕೃತ್ಯಗಳನ್ನು ಬಿತ್ತರಿಸಿದರು. ಹುಟ್ಟಿನಿಂದ ಅವರು ಇಸ್ರೇಲಿ, ಆಮೇಲೆ ಪೆರುವಿನ ಪೌರರಾದವರು. 1997ರಲ್ಲಿ ಸರ್ಕಾರ ಅವರ ಪೌರತ್ವವನ್ನೇ ಕಿತ್ತುಕೊಂಡಿತು. ವಿದೇಶಿಯರು ಟಿವಿ ವಾಹಿನಿ ನಡೆಸುವಂತಿಲ್ಲ ಎಂಬ ನಿಯಮ ಮೊದಲೇ ಇತ್ತು. ವಾಹಿನಿ ಕೈತಪ್ಪಿ ಸರ್ಕಾರಕ್ಕೆ ಬೇಕಾದ ಪಾಲುದಾರರ ಕೈಗೆ ಹೋಯಿತು. ಗುಂಡಿಲ್ಲ, ರಕ್ತವಿಲ್ಲ, ಬರಿಯ ಒಂದು ಆದೇಶ ಪತ್ರ. ಥ್ರಿಲ್ಲರ್ ಬರೆಯುವವರು ಕಾರು ಸ್ಫೋಟಿಸುವ ಮೊದಲು ಇಂಥ ಆದೇಶ ಪತ್ರಗಳನ್ನು ಓದಬೇಕು ಎಂದು ನನಗೆ ಅನಿಸುತ್ತದೆ.

ಕೊನೆಗೆ ಈ ಕೋಟೆ ಬಿದ್ದದ್ದೂ ಮಾಂಟೆಸಿನೋಸ್ ಬಿಟ್ಟಿದ್ದ ಒಂದು ಸಣ್ಣ ಕಿಂಡಿಯಿಂದ. ಕೆನಾಲ್ ಎನ್ ಎಂಬ ಚಿಕ್ಕ ಕೇಬಲ್ ವಾಹಿನಿಯನ್ನು ಅವನು ಕೊಂಡಿರಲಿಲ್ಲ. 2000ದ ಸೆಪ್ಟೆಂಬರ್ 14ರಂದು ಅದರಲ್ಲಿ ಅವನದೇ ಟೇಪುಗಳಲ್ಲೊಂದು ಬಿತ್ತರವಾಯಿತು: ವಿರೋಧ ಪಕ್ಷದ ಸಂಸದನೊಬ್ಬ ಪಕ್ಷ ಬದಲಿಸುವುದಕ್ಕೆ 15,000 ಡಾಲರ್ ತೆಗೆದುಕೊಳ್ಳುವ ದೃಶ್ಯ. ಎರಡೇ ದಿನಕ್ಕೆ ಫುಜಿಮೋರಿ ಹೊಸ ಚುನಾವಣೆ ಘೋಷಿಸಬೇಕಾಯಿತು. ನವೆಂಬರ್‌ನಲ್ಲಿ ಜಪಾನಿಗೆ ಹೋಗಿ ಅಲ್ಲಿಂದ ಫ್ಯಾಕ್ಸ್‌ನಲ್ಲಿ ರಾಜೀನಾಮೆ ಕಳಿಸಿದ.

ನಂಬಿಸುವುದು ಒಂದು, ಕೇಳದಂತೆ ಮಾಡುವುದು ಇನ್ನೊಂದು

ಜನರನ್ನು ಆಡಿಸುವುದೆಂದರೆ ಸುಳ್ಳನ್ನು ನಂಬಿಸುವುದು ಎಂದು ನಾವು ತಿಳಿದಿದ್ದೇವೆ. ಅದು ಅರ್ಧ ಸತ್ಯ. ನಂಬಿಸುವುದು ಕಷ್ಟದ ಕೆಲಸ, ಪ್ರಶ್ನೆ ಏಳದಂತೆ ನೋಡಿಕೊಳ್ಳುವುದು ಸುಲಭ. ಥ್ರಿಲ್ಲರ್‌ಗಳು ಬಳಸುವ ತಂತ್ರಗಳನ್ನೆಲ್ಲ ಈ ಎರಡರ ನಡುವೆ ಎಲ್ಲೋ ಇಡಬಹುದು, ಒಂದೊಂದಕ್ಕೂ ಇತಿಹಾಸದಲ್ಲಿ ಬೇರಿದೆ.

ಘಟನೆಯನ್ನೇ ಹುಟ್ಟಿಸುವುದು ಇವುಗಳಲ್ಲಿ ಅತ್ಯಂತ ಒರಟಾದದ್ದು. 1939ರ ಆಗಸ್ಟ್ 31ರಂದು ಜರ್ಮನಿಯ ಗಡಿಯ ಗ್ಲೈವಿಟ್ಸ್ ಎಂಬಲ್ಲಿನ ರೇಡಿಯೋ ಕೇಂದ್ರದ ಮೇಲೆ ಪೋಲೆಂಡಿನವರು ದಾಳಿ ಮಾಡಿದಂತೆ ನಾಜಿಗಳೇ ನಾಟಕ ಕಟ್ಟಿದರು. ಮರುದಿನ ಬೆಳಗಿನ ಜಾವ ಪೋಲೆಂಡಿನ ಮೇಲೆ ಯುದ್ಧ. ಇಂಥದ್ದು ಕಥೆಗೆ ಸೊಗಸು, ನಿಜಜೀವನದಲ್ಲಿ ಅಪರೂಪ.

ಹೆಚ್ಚು ನಡೆಯುವುದು, ಹಾಗಾಗಿಯೇ ಹೆಚ್ಚು ಅಪಾಯಕಾರಿಯಾದದ್ದು, ಅರೆಬರೆ ಸಂಗತಿಯೊಂದನ್ನು ಖಚಿತ ಸತ್ಯವೆಂದು ಮುಂದೆ ದಾಟಿಸುವುದು. 1964ರ ಆಗಸ್ಟ್ 4ರ ರಾತ್ರಿ ವಿಯೆಟ್ನಾಮ್ ಬಳಿಯ ಟಾಂಕಿನ್ ಕೊಲ್ಲಿಯಲ್ಲಿ ತನ್ನ ಹಡಗುಗಳ ಮೇಲೆ ಎರಡನೇ ಸಲ ದಾಳಿಯಾಯಿತೆಂದು ಅಮೆರಿಕ ಘೋಷಿಸಿತು. ಎರಡು ದಿನಗಳ ಹಿಂದಿನ ಚಕಮಕಿ ನಿಜ. ಈ ಎರಡನೆಯದು ನಡೆದೇ ಇರಲಿಲ್ಲ. ಹಡಗಿನಲ್ಲಿದ್ದ ಅಧಿಕಾರಿಯೇ ಕೆಲವು ಗಂಟೆಗಳಲ್ಲಿ ಅನುಮಾನ ತಿಳಿಸಿ ಸಂದೇಶ ಕಳಿಸಿದ್ದ: ಹವಾಮಾನದ ವಿಚಿತ್ರ ಪರಿಣಾಮ ಇರಬಹುದು, ನೀರೊಳಗಿನ ಸದ್ದು ಹಿಡಿಯುವ ಸೋನಾರ್ ಯಂತ್ರ ಕೇಳುತ್ತಿದ್ದವರ ಅತ್ಯುತ್ಸಾಹ ಇರಬಹುದು, ಪೂರ್ತಿ ಪರಿಶೀಲಿಸುವ ತನಕ ಮುಂದಿನ ಹೆಜ್ಜೆ ಬೇಡ ಎಂದು. ಮೇಲೆ ಹೋಗುತ್ತ ಹೋಗುತ್ತ ಆ ಅನುಮಾನ ಸವೆಯಿತು. ಆಗಸ್ಟ್ 7ರಂದು ಯುದ್ಧಾಧಿಕಾರ ಕೊಡುವ ನಿರ್ಣಯ ಕೆಳಮನೆಯಲ್ಲಿ 416-0, ಸೆನೆಟ್‌ನಲ್ಲಿ 88-2 ಮತಗಳಿಂದ ಪಾಸಾಯಿತು. ಆ ರಾತ್ರಿ ದಾಳಿಯೇ ಆಗಿರಲಿಲ್ಲ, ಗುಪ್ತಚರ ಮಾಹಿತಿಯನ್ನು ಬೇಕಾದಂತೆ ತಿರುಗಿಸಲಾಗಿತ್ತು ಎಂದು ಆ ದೇಶದ ಗುಪ್ತಚರ ಸಂಸ್ಥೆಯ ಸ್ವಂತ ಇತಿಹಾಸಕಾರ ಬರೆದ ಅಧ್ಯಯನ ಹೊರಬಂದದ್ದು 2005ರಲ್ಲಿ. ನಾಲ್ಕು ದಶಕ ದಾಟಿತ್ತು. ಇಲ್ಲೂ ಕೈಗಳನ್ನು ಎಣಿಸಿ ನೋಡಿ. ಒಬ್ಬೊಬ್ಬರೂ 'ಬಹುಶಃ' ಎಂಬ ಒಂದು ಮಾತನ್ನು ಕೈಬಿಟ್ಟರು, ಅಷ್ಟೇ.

ಕೊಲೆಯನ್ನು ಅಪಘಾತ ಎನ್ನುವುದು ಮತ್ತೊಂದು ತಂತ್ರ. ಗ್ರೀಸಿನ ಸಂಸದ, ವೈದ್ಯ, ಶಾಂತಿ ಹೋರಾಟಗಾರ ಗ್ರಿಗೋರಿಸ್ ಲಾಂಬ್ರಾಕಿಸ್ 1963ರ ಮೇ 22ರಂದು ಥೆಸಲೋನಿಕಿಯಲ್ಲಿ ಸಭೆ ಮುಗಿಸಿ ಹೊರಬಂದಾಗ ಮೂರು ಚಕ್ರದ ವಾಹನವೊಂದು ಅವರ ಮೇಲೆ ನುಗ್ಗಿತು. ಸುತ್ತ ಪೊಲೀಸರು ನಿಂತಿದ್ದರು. ವಾಹನದಲ್ಲಿದ್ದವನು ತಲೆಗೆ ಬಡಿದ. ಐದು ದಿನಕ್ಕೆ ಅವರು ತೀರಿಕೊಂಡರು. ಪೊಲೀಸರ ಹೇಳಿಕೆ: ರಸ್ತೆ ಅಪಘಾತ. ಆ ಹೇಳಿಕೆ ನಿಲ್ಲದೆ ಹೋದದ್ದಕ್ಕೆ ಇಬ್ಬರು ಕಾರಣ. ಓಡುತ್ತಿದ್ದ ವಾಹನದ ಮೇಲೆ ಹಾರಿ ಕೊಲೆಗಾರರ ಜತೆ ಸೆಣಸಿದ ಒಬ್ಬ ದಾರಿಹೋಕ, ಮತ್ತು ಎಲ್ಲ ಕಡೆಯಿಂದ ಒತ್ತಡ ಬಂದರೂ 'ಅಪಘಾತ' ಎಂಬ ಪದವನ್ನು ತನ್ನ ಕಡತದಲ್ಲಿ ಬರೆಯಲು ಒಪ್ಪದ ತನಿಖಾ ನ್ಯಾಯಾಧೀಶ ಕ್ರಿಸ್ಟೋಸ್ ಸಾರ್ಟ್‌ಜೆಟಾಕಿಸ್. ಈ ಪ್ರಕರಣವನ್ನು ಆಧರಿಸಿದ 'ಝೆಡ್' ಸಿನಿಮಾ 1969ರಲ್ಲಿ ಬಂತು. ಇಡೀ ಪ್ರಕಾರಕ್ಕೆ ದಾರಿ ತೋರಿಸಿದ ಸಿನಿಮಾ ಅದು. ಆ ಹೊತ್ತಿಗೆ ಗ್ರೀಸಿನಲ್ಲಿ ಸೇನಾಡಳಿತ ಇದ್ದದ್ದರಿಂದ ಗ್ರೀಸಿನ ಕಥೆಯನ್ನು ಆಲ್ಜೀರಿಯಾದಲ್ಲಿ ಚಿತ್ರೀಕರಿಸಬೇಕಾಯಿತು.

ಭಾಷೆಯ ತಂತ್ರ ಎಲ್ಲಕ್ಕಿಂತ ಅಗ್ಗ. 'ತಪ್ಪುಗಳಾಗಿವೆ' ಎಂಬ ವಾಕ್ಯ ನೋಡಿ. ತಪ್ಪು ಇದೆ, ಮಾಡಿದವರು ಇಲ್ಲ. ವ್ಯಾಕರಣದಲ್ಲಿ ಕರ್ತೃ ಎಲ್ಲಿ ಎಂದು ಹುಡುಕಿದರೆ ಸಿಗುವುದೇ ಇಲ್ಲ. ಸಿಕ್ಕಿಬಿದ್ದ ಸರ್ಕಾರಗಳು ಯಾವ ಭಾಷೆಯಲ್ಲಿ ಮಾತಾಡಿದರೂ ಈ ವಾಕ್ಯವನ್ನು ಕಲಿತಿರುತ್ತವೆ.

ಇದಕ್ಕೆ ಹೊಂದಿಕೊಂಡಂತೆ ಇನ್ನೊಂದಿದೆ, 'ನನಗೆ ಗೊತ್ತಿರಲಿಲ್ಲ' ಎನ್ನುವುದಕ್ಕೆ ಮೊದಲೇ ಜಾಗ ಮಾಡಿಟ್ಟುಕೊಳ್ಳುವುದು. 1986ರ ನವೆಂಬರ್‌ನಲ್ಲಿ ಬಯಲಾದ ಇರಾನ್-ಕಾಂಟ್ರಾ ಹಗರಣದಲ್ಲಿ ಅಮೆರಿಕದ ಅಧಿಕಾರಿಗಳು ಗುಟ್ಟಾಗಿ ಇರಾನಿಗೆ ಶಸ್ತ್ರ ಮಾರಿ, ಬಂದ ಲಾಭವನ್ನು ನಿಕಾರಾಗುವಾದ ಬಂಡುಕೋರರಿಗೆ ತಲುಪಿಸಿದ್ದರು. ರಾಷ್ಟ್ರೀಯ ಭದ್ರತಾ ಸಲಹೆಗಾರನಾಗಿದ್ದ ಜಾನ್ ಪಾಯಿಂಡೆಕ್ಸ್‌ಟರ್ ವಿಚಾರಣೆಯಲ್ಲಿ ಹೇಳಿದ್ದು: ಈ ದುಡ್ಡಿನ ವಿಷಯವನ್ನು ಅಧ್ಯಕ್ಷರಿಗೆ ತಾನು ಬೇಕೆಂದೇ ಹೇಳಲಿಲ್ಲ, ಮುಂದೆ ಅವರು ಇಲ್ಲವೆನ್ನಲು ಅವಕಾಶ ಇರಲಿ ಎಂದು. ಸರಪಳಿಯ ಒಂದು ಕೊಂಡಿಯನ್ನು ಉದ್ದೇಶಪೂರ್ವಕವಾಗಿ ಕಳಚಿಟ್ಟು ಇಡೀ ಸರಪಳಿಯನ್ನು ಕಾಪಾಡುವ ವಿದ್ಯೆ ಇದು. ಥ್ರಿಲ್ಲರ್‌ನಲ್ಲಿ ಒಬ್ಬ ಹಿರಿಯ ಅಧಿಕಾರಿ 'ಆ ವಿವರ ನನಗೆ ಬೇಡ' ಎಂದು ಕುರ್ಚಿಯಿಂದ ಏಳುವ ದೃಶ್ಯ ಬಂದರೆ, ನಡೆಯುತ್ತಿರುವುದು ಇದೇ.

ಮನೆಯೊಳಗಿನ ಯುದ್ಧ

ಇವೆಲ್ಲಕ್ಕಿಂತ ನನ್ನನ್ನು ನಡುಗಿಸುವುದು ಪೂರ್ವ ಜರ್ಮನಿಯ ಸ್ಟಾಸಿ ಎಂಬ ಗುಪ್ತ ಪೊಲೀಸ್ ಪಡೆ ಬಳಸಿದ ಕ್ರಮ. ಸುಮಾರು 1.6 ಕೋಟಿ ಜನರ ಆ ದೇಶದಲ್ಲಿ 1989ರ ಹೊತ್ತಿಗೆ ಸ್ಟಾಸಿಯ ಪೂರ್ಣಾವಧಿ ನೌಕರರು ಸುಮಾರು 91,000, ಅವರಿಗೆ ಗುಟ್ಟಾಗಿ ಸುದ್ದಿ ಮುಟ್ಟಿಸುವ ಮಾಹಿತಿದಾರರು ಸುಮಾರು 1,89,000. ಎದುರಾಳಿಗಳನ್ನು ಜೈಲಿಗೆ ಹಾಕಿದರೆ ಹೊರದೇಶಗಳಲ್ಲಿ ಸುದ್ದಿಯಾಗುತ್ತದೆ. ಹಾಗಾಗಿ 1976ರಲ್ಲಿ ಹೊರಟ ಒಂದು ಆದೇಶದಲ್ಲಿ ಬೇರೆ ದಾರಿಯನ್ನು ಅಚ್ಚುಕಟ್ಟಾಗಿ ಬರೆದಿಟ್ಟರು. ಜರ್ಮನ್ ಭಾಷೆಯಲ್ಲಿ ಅದರ ಹೆಸರಿನ ಅರ್ಥ ಕೊಳೆಯುವಿಕೆ, ವಿಘಟನೆ.

ಮಾಡುತ್ತಿದ್ದದ್ದೇನು? ಮನುಷ್ಯ ಹೊರಗೆ ಹೋದಾಗ ಮನೆಯೊಳಗೆ ನುಗ್ಗಿ ಏನನ್ನೂ ಕದಿಯದೆ ಸಾಮಾನುಗಳನ್ನು ಅತ್ತಿತ್ತ ಸರಿಸಿ ಬರುವುದು. ಗಂಡನ ಬಗ್ಗೆ ಹೆಂಡತಿಗೆ ಅನಾಮಧೇಯ ಪತ್ರ. ಕೆಲಸದ ಜಾಗದಲ್ಲಿ ಕಾರಣ ತಿಳಿಯದ ಸೋಲಿನ ಮೇಲೆ ಸೋಲು. ಗೆಳೆಯರ ಬಳಗದಲ್ಲಿ 'ಇವನೇ ಸ್ಟಾಸಿಯ ಮಾಹಿತಿದಾರ' ಎಂಬ ಪಿಸುಮಾತು ಬಿತ್ತುವುದು. ಒಂದೊಂದೂ ಎಷ್ಟು ಚಿಕ್ಕದೆಂದರೆ ಬೇರೆಯವರ ಹತ್ತಿರ ಹೇಳಿಕೊಂಡರೆ ಹೇಳಿದವನಿಗೇ ತಲೆ ಕೆಟ್ಟಿದೆ ಎನ್ನಬೇಕು. ಉದ್ದೇಶವೂ ಅದೇ. ಮನುಷ್ಯ ತನ್ನ ಕಣ್ಣನ್ನೇ ನಂಬದಂತಾದರೆ ಅವನು ಸರ್ಕಾರವನ್ನು ಪ್ರಶ್ನಿಸುವುದು ದೂರದ ಮಾತು. ಥ್ರಿಲ್ಲರ್‌ನ ನಾಯಕ 'ನಾನೇ ಭ್ರಮಿಸುತ್ತಿದ್ದೇನೆಯೇ' ಎಂದು ಕನ್ನಡಿ ಮುಂದೆ ನಿಲ್ಲುವ ದೃಶ್ಯವನ್ನು ಸವಕಲು ಎಂದು ನಾನೂ ತಳ್ಳಿಹಾಕುತ್ತಿದ್ದೆ. ಇದನ್ನು ತಿಳಿದ ಮೇಲೆ ತಳ್ಳಿಹಾಕುವುದು ಬಿಟ್ಟೆ.

ಇದರ ಪಕ್ಕದಲ್ಲಿ, ಮಿದುಳು ತೊಳೆದು ಕೊಲೆಗಾರನನ್ನು ತಯಾರಿಸುವ ಕಥೆಗಳು ಎಷ್ಟು ರೋಚಕವಾದರೂ ಸಪ್ಪೆ ಎನಿಸುತ್ತವೆ. ಅಮೆರಿಕದ ಸಿಐಎ 1953ರಲ್ಲಿ ಎಂಕೆ-ಅಲ್ಟ್ರಾ ಎಂಬ ಯೋಜನೆ ಶುರುಮಾಡಿ ಗೊತ್ತಿಲ್ಲದ ಜನರಿಗೂ ಎಲ್‌ಎಸ್‌ಡಿ ಎಂಬ ಭ್ರಮೆ ಹುಟ್ಟಿಸುವ ಮದ್ದು ಕೊಟ್ಟು ಮನಸ್ಸನ್ನು ಹಿಡಿತಕ್ಕೆ ತೆಗೆದುಕೊಳ್ಳಲು ನೋಡಿದ್ದು ನಿಜ, ಅಮಾನುಷವೂ ನಿಜ. ಮನಸ್ಸಿನ ಕೀಲಿಕೈ ಮಾತ್ರ ಸಿಗಲಿಲ್ಲ. 1973ರಲ್ಲಿ ಅದರ ಕಡತಗಳನ್ನು ನಾಶಮಾಡಲು ಮುಖ್ಯಸ್ಥನೇ ಆದೇಶಿಸಿದ. ಆದರೂ ಸಾವಿರಾರು ಪುಟ ಉಳಿದುಕೊಂಡವು, ಏಕೆಂದರೆ ಅವು ಖರ್ಚುವೆಚ್ಚದ ದಾಖಲೆಗಳ ಜತೆ ಬೇರೆ ಕಟ್ಟಡದಲ್ಲಿದ್ದವು. 1977ರಲ್ಲಿ ಮಾಹಿತಿ ಹಕ್ಕಿನ ಅರ್ಜಿಯೊಂದರಿಂದಾಗಿ ಸಿಕ್ಕವು. ಗುಟ್ಟಿನ ಕಡತ ಸುಟ್ಟರೂ ಬಿಲ್ಲುಗಳು ಉಳಿದಿರುತ್ತವೆ.

ಕಥೆಗಳು ಎಲ್ಲಿ ದಾರಿ ತಪ್ಪಿಸುತ್ತವೆ

ಈ ಪ್ರಕಾರವನ್ನು ಪ್ರೀತಿಸುವವನಾಗಿಯೇ ಇದನ್ನು ಹೇಳಬೇಕು. ಎಷ್ಟೋ ಥ್ರಿಲ್ಲರ್‌ಗಳು ಸತ್ಯ ಹೊರಬಂದ ಕ್ಷಣಕ್ಕೆ ಮುಗಿಯುತ್ತವೆ. ಮುಖಪುಟದ ಸುದ್ದಿ, ನೇರಪ್ರಸಾರ, ಖಳನ ಮುಖದ ಮೇಲೆ ಕ್ಯಾಮೆರಾ. ಸತ್ಯ ತಿಳಿದರೆ ಜನ ಎದ್ದು ನಿಲ್ಲುತ್ತಾರೆ ಎಂಬ ಭರವಸೆ ಅದರ ಹಿಂದಿದೆ.

ವಾಟರ್‌ಗೇಟ್ ಹಗರಣದ ತಾರೀಕುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1972ರ ಜೂನ್ 17ರ ಬೆಳಗಿನ ಜಾವ ಫ್ರಾಂಕ್ ವಿಲ್ಸ್ ಎಂಬ 24 ವರ್ಷದ ಕಾವಲುಗಾರ ಅಮೆರಿಕದ ರಾಜಧಾನಿ ವಾಷಿಂಗ್ಟನ್ನಿನ ವಾಟರ್‌ಗೇಟ್ ಕಟ್ಟಡದ ನೆಲಮಾಳಿಗೆಯ ಬಾಗಿಲಿನ ಚಿಲಕ ಬೀಳದಂತೆ ಯಾರೋ ಟೇಪು ಅಂಟಿಸಿದ್ದನ್ನು ಕಂಡ. ಕೆಲಸದವರು ಬಿಟ್ಟು ಹೋಗಿರಬೇಕು ಎಂದು ಕಿತ್ತುಹಾಕಿದ. ಮತ್ತೊಂದು ಸುತ್ತು ಬಂದಾಗ ಟೇಪು ಮತ್ತೆ ಅಲ್ಲೇ ಇತ್ತು. ಪೊಲೀಸರಿಗೆ ಫೋನ್ ಮಾಡಿದ. ವಿರೋಧ ಪಕ್ಷದ ಕಚೇರಿಯೊಳಗೆ ಐವರು ಸಿಕ್ಕಿಬಿದ್ದರು. ಅಧ್ಯಕ್ಷ ನಿಕ್ಸನ್‌ನ ಚುನಾವಣಾ ನಿಧಿಗೆ ಬಂದಿದ್ದ 25,000 ಡಾಲರ್ ಚೆಕ್ಕು ಅವರಲ್ಲೊಬ್ಬನ ಬ್ಯಾಂಕ್ ಖಾತೆಗೆ ಹೋದದ್ದು ಆಗಸ್ಟ್‌ನಲ್ಲೇ ಪತ್ರಿಕೆಯಲ್ಲಿ ಬಂತು. ಇಷ್ಟೆಲ್ಲ ಗೊತ್ತಿದ್ದೂ ನವೆಂಬರ್ ಚುನಾವಣೆಯಲ್ಲಿ ನಿಕ್ಸನ್ 50 ರಾಜ್ಯಗಳಲ್ಲಿ 49ನ್ನು ಗೆದ್ದ. ರಾಜೀನಾಮೆ ಕೊಟ್ಟದ್ದು 1974ರ ಆಗಸ್ಟ್ 9ಕ್ಕೆ. ನಡುವಿನ ಎರಡು ವರ್ಷಗಳಲ್ಲಿ ನ್ಯಾಯಾಧೀಶರು, ಸೆನೆಟ್ ಸಮಿತಿ, ವಿಶೇಷ ಅಭಿಯೋಜಕರು, ಸುಪ್ರೀಂ ಕೋರ್ಟು ಎಲ್ಲರೂ ಬೇಸರವಿಲ್ಲದೆ ತಮ್ಮ ತಮ್ಮ ಪಾಲಿನ ಕೆಲಸ ಮಾಡಬೇಕಾಯಿತು. 'ದುಡ್ಡಿನ ಜಾಡು ಹಿಡಿ' ಎಂಬ ಪ್ರಖ್ಯಾತ ಮಾತನ್ನು ರಹಸ್ಯ ಮೂಲದ ವ್ಯಕ್ತಿ ವರದಿಗಾರನಿಗೆ ಹೇಳಿದ ಎಂದು ಜಗತ್ತು ನಂಬಿದೆ. ಆ ಮಾತು ಈ ಹಗರಣದ ಕುರಿತ 1976ರ ಸಿನಿಮಾದ ಚಿತ್ರಕಥೆಯಲ್ಲಿ ಹುಟ್ಟಿದ್ದು. ಮಾತು ಸರಿಯೇ ಇದೆ. ಆದರೆ ಕತ್ತಲ ಗ್ಯಾರೇಜಿನಲ್ಲಿ ಯಾರೋ ಒಬ್ಬರು ಬಂದು ಕೀಲಿಕೈ ಕೊಡುತ್ತಾರೆ ಎಂಬ ಚಿತ್ರ ಮನಸ್ಸಿನಲ್ಲಿ ಉಳಿದುಬಿಟ್ಟಿತು, ಎರಡು ವರ್ಷದ ಬೇಸರದ ಕೆಲಸ ಮರೆತುಹೋಯಿತು.

ಎರಡನೆಯ ತೊಂದರೆ ಇನ್ನೂ ಆಳದ್ದು. ಪದೇ ಪದೇ ಇಂಥ ಕಥೆ ನೋಡಿದವರಿಗೆ ಎಲ್ಲವೂ ಪಿತೂರಿಯೆಂದು ಕಾಣತೊಡಗುತ್ತದೆ. ಯಾರನ್ನೂ ನಂಬಬಾರದು ಎಂಬುದು ಜಾಣತನದಂತೆ ತೋರುತ್ತದೆ. ಯಾರನ್ನೂ ನಂಬದ ಜನರನ್ನು ಆಡಿಸುವುದು ಎಲ್ಲರನ್ನೂ ನಂಬುವ ಜನರನ್ನು ಆಡಿಸುವಷ್ಟೇ ಸುಲಭ, ಏಕೆಂದರೆ ಅಂಥವರಿಗೆ ನಿಜವಾದ ಸಾಕ್ಷಿ ತೋರಿಸಿದರೂ 'ಇದರ ಹಿಂದೆ ಯಾರಿದ್ದಾರೋ' ಎಂದು ಮುಖ ತಿರುಗಿಸುತ್ತಾರೆ. ಅದಕ್ಕೇ ಒಂದು ಪಿತೂರಿಯ ಮಾತು ಕೇಳಿದಾಗ ನಾನು ಮೂರು ವಿಷಯ ಕೇಳಿಕೊಳ್ಳುತ್ತೇನೆ. ಇದಕ್ಕೆ ಎಷ್ಟು ಜನರ ಕೈ ಬೇಕು, ಅವರಲ್ಲಿ ಎಷ್ಟು ಮಂದಿಗೆ ನಿಜ ಗೊತ್ತಿರಲೇಬೇಕು? ಅವರ ಬಾಯಿ ಕಟ್ಟಿದ್ದು ದುಡ್ಡೇ, ಭಯವೇ, ಅಥವಾ ಅವರಿಗೆ ಗೊತ್ತೇ ಇಲ್ಲವೇ? ಇದು ನಡೆದಿದ್ದರೆ ಯಾವ ಕಾಗದ ಎಲ್ಲಿ ಉಳಿದಿರಬೇಕು? ನಿಜವಾದ ಹಗರಣಗಳಿಗೆಲ್ಲ ಈ ಮೂರಕ್ಕೂ ಉತ್ತರ ಸಿಕ್ಕಿದೆ: ಗೆರೆಯ ಬಣ್ಣ, ಟೇಪು, ಚೆಕ್ಕು, ಬಿಲ್ಲು. ಸಾವಿರಾರು ಜನ ಎಲ್ಲವನ್ನೂ ತಿಳಿದು ದಶಕಗಟ್ಟಲೆ ತುಟಿ ಬಿಚ್ಚದೆ, ಒಂದು ಚೀಟಿಯನ್ನೂ ಬಿಡದೆ ನಡೆಸಿದರು ಎನ್ನುವ ಕಥೆಯನ್ನು ನಾನು ಪಕ್ಕಕ್ಕಿಡುತ್ತೇನೆ.

ಮುಂದೇನಾಯಿತು ಎಂಬುದಕ್ಕೂ ಒಳ್ಳೆಯ ಥ್ರಿಲ್ಲರ್ ಜಾಗ ಕೊಡಬೇಕು. ಡ್ರೈಫಸ್‌ಗೆ ಸುಳ್ಳು ಪತ್ರ ಬಯಲಾದ ಮರುವರ್ಷ, 1899ರಲ್ಲಿ, ಸೇನಾ ನ್ಯಾಯಾಲಯ ಮತ್ತೆ ಶಿಕ್ಷೆ ಕೊಟ್ಟಿತು. ಕ್ಷಮಾದಾನ ಸಿಕ್ಕಿ ಹೊರಬಂದರೂ ನಿರ್ದೋಷಿ ಎಂಬ ತೀರ್ಪು ಬರುವ ಹೊತ್ತಿಗೆ 1906 ಆಗಿತ್ತು. ಲಾಂಬ್ರಾಕಿಸ್ ಪ್ರಕರಣದ ನ್ಯಾಯಾಧೀಶರನ್ನು ಸೇನಾಡಳಿತ ಕೆಲಸದಿಂದ ತೆಗೆದು ಜೈಲಿಗೆ ಹಾಕಿತು. 1985ರಲ್ಲಿ ಅದೇ ಸಾರ್ಟ್‌ಜೆಟಾಕಿಸ್ ಗ್ರೀಸಿನ ಅಧ್ಯಕ್ಷರಾದರು.

ಸ್ಟಾಸಿಯ ಕಥೆಯ ಮುಂದಿನ ಭಾಗ ಇನ್ನೂ ನಡೆಯುತ್ತಿದೆ. ಬರ್ಲಿನ್ ಗೋಡೆ ಬಿದ್ದ ವಾರಗಳಲ್ಲಿ ಅಧಿಕಾರಿಗಳು ಕಡತ ನಾಶಕ್ಕೆ ಇಳಿದರು. ಕಾಗದ ಕತ್ತರಿಸುವ ಯಂತ್ರಗಳು ಸಾಲದಾದಾಗ ಕೈಯಿಂದಲೇ ಹರಿದು ಚೀಲಗಳಿಗೆ ತುಂಬಿದರು. 1990ರ ಜನವರಿ 15ರಂದು ಜನ ಬರ್ಲಿನ್ನಿನ ಮುಖ್ಯ ಕಚೇರಿಗೆ ನುಗ್ಗಿದರು. ಹರಿಯದೆ ಉಳಿದ ಕಡತಗಳನ್ನು ಸಾಲಾಗಿ ನಿಲ್ಲಿಸಿದರೆ ಸುಮಾರು 111 ಕಿಲೋಮೀಟರ್. 1992ರಿಂದ ಪ್ರಜೆಗಳು ತಮ್ಮ ತಮ್ಮ ಕಡತವನ್ನು ತಾವೇ ಓದಬಹುದಾಯಿತು. ಸರ್ಕಾರದ ವಿರುದ್ಧ ಹೋರಾಡಿ ಆಮೇಲೆ ಸಂಸದೆಯಾದ ಒಬ್ಬ ಮಹಿಳೆ ತನ್ನ ಕಡತ ಬಿಡಿಸಿದಾಗ, ವರ್ಷಗಟ್ಟಲೆ ತನ್ನ ಬಗ್ಗೆ 'ಡೊನಾಲ್ಡ್' ಎಂಬ ಗುಪ್ತನಾಮದಲ್ಲಿ ವರದಿ ಬರೆದವನು ತನ್ನ ಗಂಡ ಎಂದು ತಿಳಿಯಿತು.

ಹರಿದ ಕಾಗದ ತುಂಬಿದ ಚೀಲಗಳು ಸುಮಾರು 16,000 ಇದ್ದವು. 1995ರಲ್ಲಿ ಒಂದು ಚಿಕ್ಕ ತಂಡ ಅವನ್ನು ಜೋಡಿಸಲು ಕೂತಿತು. ಕಂಪ್ಯೂಟರಿನಿಂದ ಮಾಡಿಸುವ ಪ್ರಯತ್ನ ಕೈಗೂಡಲಿಲ್ಲ. ಹಾಗಾಗಿ ಮೇಜಿನ ಮೇಲೆ ಚೂರುಗಳನ್ನು ಹರಡಿ, ಕಾಗದದ ಬಣ್ಣ ನೋಡಿ, ಹರಿದ ಅಂಚಿಗೆ ಅಂಚು ಹೊಂದಿಸಿ, ಪಾರದರ್ಶಕ ಟೇಪು ಅಂಟಿಸುತ್ತ ಹೋದರು. ಮೂರು ದಶಕಗಳಲ್ಲಿ 500 ಚೀಲಗಳಷ್ಟು ಮುಗಿದಿವೆ.